ಶನಿವಾರ ಮಧ್ಯಾಹ್ನದ ಆಟ

ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ ಮೂರು ಗಂಟೆ ಎಂದರೆ ಫುಟ್‌ಬಾಲ್ ಶುರುವಾಗುವ ಹೊತ್ತು. ಆ ಹೊತ್ತನ್ನು ಗೊತ್ತುಮಾಡಿದವರು ಗಿರಣಿ ಕಾರ್ಮಿಕರು. 1850ರ ಕಾರ್ಖಾನೆ ಕಾಯ್ದೆ, ಜವಳಿ ಗಿರಣಿಗಳಲ್ಲಿ ಹೆಂಗಸರು ಮತ್ತು ಎಳೆಯರ ಕೆಲಸ ಶನಿವಾರ ಎರಡು ಗಂಟೆಗೆ ನಿಲ್ಲಬೇಕು ಎಂದಿತು. ಅವರ ಕೈ ನಿಂತರೆ ಗಿರಣಿಯೂ ನಿಲ್ಲುತ್ತಿದ್ದರಿಂದ ಗಂಡಸರಿಗೂ ಅರ್ಧ ದಿನದ ಬಿಡುವು ಸಿಕ್ಕಿತು. ಮುಖ ತೊಳೆದು, ತಿಂದು, ಮೈದಾನ ಸೇರುವಷ್ಟರಲ್ಲಿ ಮೂರಾಗುತ್ತಿತ್ತು. ಗಿರಣಿಗಳು ಮುಚ್ಚಿಹೋದವು, ಮೂರು ಗಂಟೆ ಮಾತ್ರ ಉಳಿದುಕೊಂಡಿತು. ಶನಿವಾರ 2.45ರಿಂದ 5.15ರವರೆಗೆ ಆ ದೇಶದ ಟಿವಿಗಳಲ್ಲಿ ಸಾಮಾನ್ಯವಾಗಿ ಯಾವ ಫುಟ್‌ಬಾಲ್ ಪಂದ್ಯವೂ ನೇರ ಪ್ರಸಾರವಾಗುವುದಿಲ್ಲ. ಜನ ಮನೆಯಲ್ಲೇ ಕೂತು ದೊಡ್ಡ ತಂಡಗಳನ್ನು ನೋಡಿದರೆ ಸಣ್ಣ ಊರಿನ ಮೈದಾನಗಳು ಖಾಲಿಯಾಗುತ್ತವೆ ಎಂದು 1960ರ ದಶಕದಲ್ಲಿ ಹಾಕಿಕೊಂಡ ಕಟ್ಟಳೆ ಅದು. ಸಣ್ಣವರು ಬದುಕಲಿ ಎಂದು ದೊಡ್ಡವರ ಆಟವನ್ನು ಎರಡೂವರೆ ಗಂಟೆ ಮರೆಯಲ್ಲಿಡುವ ಈ ಏರ್ಪಾಡು ನನಗೆ ತುಂಬ ಮೆಚ್ಚುಗೆಯಾಯಿತು.

ನನ್ನ ಅಣ್ಣನ ಮಗಳು ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾಳೆ. ಅವಳ ಜೊತೆ ಸ್ವಲ್ಪ ದಿನ ಇದ್ದು ಬರೋಣವೆಂದು ಹೋಗಿದ್ದೆ. "ಅತ್ತೆ, ಶನಿವಾರ ಲಂಡನ್‌ಗೆ ಹೋಗೋಣ. ಅರಮನೆ ನೋಡ್ತೀರಾ, ಮ್ಯೂಸಿಯಂ ನೋಡ್ತೀರಾ?" ಎಂದಳು. "ಫುಟ್‌ಬಾಲ್ ನೋಡ್ತೀನಿ ಕಣೇ" ಎಂದೆ. ಅವಳು ಕೂಡಲೇ ಫೋನ್ ತೆಗೆದು ದೊಡ್ಡ ಕ್ಲಬ್‌ಗಳ ಟಿಕೆಟ್ ಹುಡುಕತೊಡಗಿದಳು. ನಾನು ಬೇಡವೆಂದೆ. ನನಗೆ ಬೇಕಾಗಿದ್ದದ್ದು ನಾನ್-ಲೀಗ್ ಪಂದ್ಯ. ಪ್ರೀಮಿಯರ್ ಲೀಗ್ ಮತ್ತು ಅದರ ಕೆಳಗಿನ ಮೂರು ವಿಭಾಗ ಸೇರಿ 92 ಕ್ಲಬ್‌ಗಳಿವೆ. ಐದನೇ ಮೆಟ್ಟಿಲಿನಿಂದ ಕೆಳಗಿರುವುದೆಲ್ಲ ನಾನ್-ಲೀಗ್. ಅಲ್ಲಿ ಆಡುವ ಬಹಳಷ್ಟು ಜನ ವಾರವಿಡೀ ಬೇರೆ ಕೆಲಸ ಮಾಡಿ, ಸಂಜೆ ಅಭ್ಯಾಸ ಮಾಡಿ, ಶನಿವಾರ ಬೂಟು ಕಟ್ಟುವವರು.

ಈ ಆಸೆಯ ಬೇರು ಬೆಂಗಳೂರಿನಲ್ಲಿದೆ. ನಮ್ಮ ತಂದೆ ಎಚ್‌ಎಎಲ್‌ನಲ್ಲಿ ಕೆಲಸಕ್ಕಿದ್ದರು. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಲೀಗ್ ಪಂದ್ಯಗಳಿದ್ದಾಗ ಅಣ್ಣನನ್ನೂ ನನ್ನನ್ನೂ ಕರೆದೊಯ್ಯುತ್ತಿದ್ದರು. ಹೆಣ್ಣುಮಗುವನ್ನು ಅಲ್ಲಿಗೇಕೆ ಎಂದು ಮನೆಯಲ್ಲಿ ಯಾರಾದರೂ ಕೇಳಿದರೆ, "ಅವಳಿಗೂ ಕಣ್ಣಿದೆ, ನೋಡ್ಲಿ" ಎನ್ನುತ್ತಿದ್ದರು. ಆಗಿನ ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ ತರಹದ ಕಾರ್ಖಾನೆಗಳಿಗೆ ಸ್ವಂತ ತಂಡಗಳಿದ್ದವು. ಬೆಳಿಗ್ಗೆ ಪಾಳಿಯಲ್ಲಿ ಅಪ್ಪನ ಪಕ್ಕ ಕಾರ್ಡ್ ಪಂಚ್ ಮಾಡಿದವರೇ ಸಂಜೆ ಮೈದಾನದಲ್ಲಿ ಓಡುತ್ತಿದ್ದರು. ಅವರ ಹೆಸರನ್ನು ಅಪ್ಪ ಕೂಗಿದರೆ ಅವರು ತಿರುಗಿ ನೋಡುತ್ತಿದ್ದರು. ಆಟಗಾರ ಮತ್ತು ನೋಡುವವ ಒಂದೇ ಬೀದಿಯವರಾದಾಗ ಆಟಕ್ಕೆ ಬರುವ ರುಚಿಯೇ ಬೇರೆ ಎಂದು ನನ್ನ ಮನಸ್ಸಿಗೆ ಬಂದದ್ದು ಆಗ. ಅದೇ ರುಚಿ ಫುಟ್‌ಬಾಲ್ ಹುಟ್ಟಿದ ನಾಡಿನಲ್ಲಿ ಹೇಗಿದೆ ಎಂದು ನೋಡಬೇಕಿತ್ತು.

ಚಿತ್ರಾನ್ನವನ್ನು ಡಬ್ಬಿಗೆ ತುಂಬಿಕೊಂಡು ಬೆಳಿಗ್ಗೆಯೇ ಹೊರಟೆವು. ಸ್ಟೇಷನ್‌ಗೆ ಹೋಗುವ ದಾರಿಯಲ್ಲಿ ಪಾರ್ಕರ್ಸ್ ಪೀಸ್ ಎಂಬ ದೊಡ್ಡ ಹುಲ್ಲುಬಯಲಿದೆ. ಅದರ ಒಂದು ಬದಿಯಲ್ಲಿ 2018ರಲ್ಲಿ ನಿಲ್ಲಿಸಿದ ನಾಲ್ಕು ಕಲ್ಲುಕಂಬಗಳಿವೆ. ಅವುಗಳ ಮೇಲೆ ಫುಟ್‌ಬಾಲಿನ ಹಳೆಯ ನಿಯಮಗಳನ್ನು ಹಲವು ಭಾಷೆಗಳಲ್ಲಿ ಕೆತ್ತಿದ್ದಾರೆ. 1848ರ ಹೊತ್ತಿಗೆ ಒಂದೊಂದು ಶಾಲೆಗೆ ಒಂದೊಂದು ಬಗೆಯ ಆಟವಿತ್ತು. ಒಬ್ಬರು ಚೆಂಡನ್ನು ಕೈಯಲ್ಲಿ ಹಿಡಿಯಬಹುದು ಎಂದರೆ ಇನ್ನೊಬ್ಬರು ಕೂಡದು ಎನ್ನುತ್ತಿದ್ದರು. ಎಲ್ಲ ಕಡೆಯಿಂದ ಬಂದು ಕೇಂಬ್ರಿಜ್‌ನಲ್ಲಿ ಸೇರಿದ ವಿದ್ಯಾರ್ಥಿಗಳು ಒಟ್ಟಿಗೆ ಆಡಬೇಕಾದಾಗ ಕೂತು ಎಲ್ಲರಿಗೂ ಒಪ್ಪುವ ನಿಯಮಗಳನ್ನು ಬರೆದರು. 1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿ ತನ್ನ ನಿಯಮ ರೂಪಿಸುವಾಗ ಕೇಂಬ್ರಿಜ್‌ನ ನಿಯಮಗಳಿಂದಲೂ ತೆಗೆದುಕೊಂಡಿತು. ನಾವು ಹೋದಾಗ ಕಂಬಗಳ ಆಚೆ ಹುಡುಗರು ಅಂಗಿಗಳನ್ನು ಗುಡ್ಡೆ ಹಾಕಿ ಗೋಲ್ ಮಾಡಿಕೊಂಡು ಆಡುತ್ತಿದ್ದರು. ಒಪ್ಪಂದ ಮಾಡಿಕೊಂಡು ಒಟ್ಟಿಗೆ ಆಡುವ ಮನಸ್ಸಿನಿಂದ ಹುಟ್ಟಿದ ಆಟ ಇದು ಎಂಬುದನ್ನು ಹೊರಡುವ ಮುನ್ನವೇ ಕಂಡದ್ದು ಒಳ್ಳೆಯದಾಯಿತು.

ಕೇಂಬ್ರಿಜ್‌ನಿಂದ ಲಂಡನ್ ಬ್ರಿಜ್‌ಗೆ ನೇರ ರೈಲಿದೆ. ಅಲ್ಲಿ ಬದಲಾಯಿಸಿ ದಕ್ಷಿಣಕ್ಕೆ ಹೋಗುವ ಸಣ್ಣ ರೈಲು ಹಿಡಿದರೆ ಕೆಲವೇ ನಿಲ್ದಾಣ ದಾಟಿ ಈಸ್ಟ್ ಡಲ್ವಿಚ್ ಬರುತ್ತದೆ. ನಾವು ಆರಿಸಿಕೊಂಡಿದ್ದು ಡಲ್ವಿಚ್ ಹ್ಯಾಮ್ಲೆಟ್ ಎಂಬ ಕ್ಲಬ್ಬನ್ನು. 1893ರಲ್ಲಿ ಹುಟ್ಟಿದ ಈ ಕ್ಲಬ್ ಆಗ ಏಳನೇ ಮೆಟ್ಟಿಲಾದ ಇಸ್ತ್ಮಿಯನ್ ಲೀಗ್‌ನಲ್ಲಿ ಆಡುತ್ತಿತ್ತು. ರೈಲು ಪೆಕಮ್ ದಾಟುವ ಹೊತ್ತಿಗೆ ಬೋಗಿಯಲ್ಲಿ ಗುಲಾಬಿ ಮತ್ತು ಕಡುನೀಲಿ ಪಟ್ಟೆಯ ಮಫ್ಲರ್‌ಗಳು ಹೆಚ್ಚಾದವು. ಆ ಎರಡು ಬಣ್ಣ ಕ್ಲಬ್ಬಿನ ಗುರುತು. ಅಜ್ಜಂದಿರು, ಎಳೆಮಕ್ಕಳನ್ನು ಎತ್ತಿಕೊಂಡ ತಾಯಂದಿರು, ನಾಯಿ ಹಿಡಿದವರು, ಎಲ್ಲರ ಕೊರಳಲ್ಲೂ ಅದೇ. ದಾರಿ ಕೇಳುವ ಅಗತ್ಯವೇ ಬೀಳಲಿಲ್ಲ. ಆ ಗುಲಾಬಿ ಸಾಲಿನ ಹಿಂದೆ ನಡೆದೆವು.

ಚಾಂಪಿಯನ್ ಹಿಲ್ ಎಂಬ ಆ ಮೈದಾನ ಒಂದು ಸೂಪರ್‌ಮಾರ್ಕೆಟ್‌ನ ಬೆನ್ನಿಗೆ ಅಂಟಿಕೊಂಡಿದೆ. ಒಂದು ಕಾಲಕ್ಕೆ ಅಲ್ಲಿದ್ದ ಹಳೆಯ ಮೈದಾನದಲ್ಲಿ 20,000ಕ್ಕೂ ಹೆಚ್ಚು ಜನ ಸೇರಿ 1933ರ ಅಮೆಚೂರ್ ಕಪ್ ಫೈನಲ್ ನೋಡಿದ್ದರು. ಅದನ್ನು ಕೆಡವಿ, ಜಾಗದ ಒಂದು ಪಾಲನ್ನು ಅಂಗಡಿಗೆ ಕೊಟ್ಟು, ಸುಮಾರು 3,000 ಜನ ಹಿಡಿಸುವ ಈಗಿನ ಮೈದಾನ ಕಟ್ಟಿದರು. ಅದು ತೆರೆದದ್ದು 1992ರಲ್ಲಿ, ಪ್ರೀಮಿಯರ್ ಲೀಗ್ ಶುರುವಾದ ವರ್ಷವೇ. ಒಂದು ಕಡೆ ಕೋಟಿಗಟ್ಟಲೆ ಟಿವಿ ಹಣ ಹರಿದುಬರಲು ಶುರುವಾಯಿತು, ಇನ್ನೊಂದು ಕಡೆ ಸುಮಾರು ನೂರು ವರ್ಷದ ಕ್ಲಬ್ಬೊಂದು ಅಂಗಡಿಯ ಹಿಂದೆ ಸಣ್ಣ ಜಾಗದಲ್ಲಿ ಹೊಸದಾಗಿ ಸಂಸಾರ ಹೂಡಿತು.

ಮೈದಾನಕ್ಕೆ ಹೋಗುವ ರಸ್ತೆಗೆ ಎಡ್ಗರ್ ಕೇಲ್ ವೇ ಎಂದು ಹೆಸರು. ಕೇಲ್ ಯಾರೆಂದು ನನಗೆ ತಿಳಿಸಿದವರು ಒಳಗೆ ನಮ್ಮ ಪಕ್ಕ ನಿಂತಿದ್ದ ಹಿರಿಯರೊಬ್ಬರು. ಅವರ ತಂದೆ ಕೇಲ್ ಆಡಿದ್ದನ್ನು ನೋಡಿದ್ದರಂತೆ. 1900ರಲ್ಲಿ ಹುಟ್ಟಿದ ಈತ ಶಾಲೆಯ ಹುಡುಗನಾಗಿದ್ದಾಗಲೇ ಡಲ್ವಿಚ್ ಸೇರಿ, ಕ್ಲಬ್ಬಿಗಾಗಿ 400ಕ್ಕೂ ಹೆಚ್ಚು ಗೋಲು ಹೊಡೆದ. ದೊಡ್ಡ ಕ್ಲಬ್‌ಗಳು ಕರೆದರೂ ಹೋಗಲಿಲ್ಲ, ಆಡಲು ಸಂಬಳ ತೆಗೆದುಕೊಳ್ಳಲಿಲ್ಲ. 1929ರ ಮೇ ತಿಂಗಳಲ್ಲಿ ಇಂಗ್ಲೆಂಡ್ ತಂಡದಲ್ಲಿ ಫ್ರಾನ್ಸ್, ಬೆಲ್ಜಿಯಂ, ಸ್ಪೇನ್ ವಿರುದ್ಧ ಮೂರು ಪಂದ್ಯ ಆಡಿದ. ಫ್ರಾನ್ಸ್ ವಿರುದ್ಧದ ಮೊದಲ ಪಂದ್ಯದಲ್ಲೇ ಎರಡು ಗೋಲು ಹೊಡೆದ. ಆಮೇಲೆ ಮತ್ತೆ ಇದೇ ಬೆಟ್ಟದ ಮೈದಾನಕ್ಕೆ ಬಂದು ಆಡಿದ. ಇಂದಿಗೂ ಪ್ರತಿ ಪಂದ್ಯದಲ್ಲಿ ಜನ ಅವನ ಹೆಸರು ಕೂಗಿ ಹಾಡುತ್ತಾರೆ. ಅವನ ಆಟ ಕಣ್ಣಾರೆ ಕಂಡವರು ಆ ಗುಂಪಿನಲ್ಲಿ ಯಾರೂ ಉಳಿದಿಲ್ಲ. ಆದರೂ ಹತ್ತು ವರ್ಷದ ಮಗು ಆ ಹೆಸರನ್ನು ಗಂಟಲು ಬಿರಿಯುವಂತೆ ಕೂಗುವುದನ್ನು ಕೇಳಿದೆ. ನಾಲ್ಕು ತಲೆಮಾರು ದಾಟಿದ ಈ ನೆನಪನ್ನು ಯಾವ ಸರ್ಕಾರವೂ ಕಾಪಾಡಿಲ್ಲ, ಶನಿವಾರದ ಜನ ಕಾಪಾಡಿದ್ದಾರೆ.

"ನಮ್ಮ ಕಡೆಯೂ ಇಂಥವರೊಬ್ಬರಿದ್ದರು" ಎಂದು ನಾನು ಆ ಹಿರಿಯರಿಗೆ ಹೇಳಿದೆ. 1948ರ ಲಂಡನ್ ಒಲಿಂಪಿಕ್ಸ್‌ನ ಫುಟ್‌ಬಾಲ್ ಪಂದ್ಯಗಳಲ್ಲಿ ಹಲವು ನಡೆದದ್ದು ಇಂಥ ಅಮೆಚೂರ್ ಕ್ಲಬ್‌ಗಳ ಊರುಗಳಲ್ಲಿ. ಆಗಸ್ಟ್ 2ರಂದು ಇದೇ ಚಾಂಪಿಯನ್ ಹಿಲ್‌ನಲ್ಲಿ ದಕ್ಷಿಣ ಕೊರಿಯಾ ಮೆಕ್ಸಿಕೊವನ್ನು 5–3ರಿಂದ ಸೋಲಿಸಿತು. ಅದಕ್ಕೆ ಎರಡು ದಿನ ಮೊದಲು, ಜುಲೈ 31ರಂದು, ಲಂಡನ್ನಿನ ಪೂರ್ವ ಅಂಚಿನ ಇಲ್‌ಫರ್ಡ್‌ನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸ್ ವಿರುದ್ಧ ಇಳಿದಿತ್ತು. ನಮ್ಮವರಲ್ಲಿ ಹೆಚ್ಚಿನವರ ಕಾಲಲ್ಲಿ ಬೂಟೇ ಇರಲಿಲ್ಲ. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. ದ್ವಿತೀಯಾರ್ಧದಲ್ಲಿ ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್ ಸಮ ಮಾಡಿದರು. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಬಂದ ಮೊದಲ ಗೋಲು ಅದು. ಬೆಂಗಳೂರಿನವರೇ ಆದ ಅಹ್ಮದ್ ಖಾನ್ ಕೂಡ ಆ ತಂಡದಲ್ಲಿದ್ದರು. ಎರಡು ಪೆನಾಲ್ಟಿ ಕೈತಪ್ಪಿ, ಕೊನೆಯ ಗಳಿಗೆಯಲ್ಲಿ ಇನ್ನೊಂದು ಗೋಲು ಬಿಟ್ಟುಕೊಟ್ಟು ಭಾರತ 2–1ರಿಂದ ಸೋತಿತು. ಅಪ್ಪ ಈ ಕಥೆ ಹೇಳುವಾಗ ಪೆನಾಲ್ಟಿಯ ಹತ್ತಿರ ಬಂದಾಗಲೆಲ್ಲ ಸುಮ್ಮನಾಗಿ, ಆಮೇಲೆ ರಾಮನ್ ಹೆಸರು ಹೇಳಿ ಮುಗಿಸುತ್ತಿದ್ದರು.

ಆ ಹಿರಿಯರು ಟೋಪಿ ತೆಗೆದು ಕೇಳಿಸಿಕೊಂಡರು. ಇಲ್‌ಫರ್ಡ್‌ಗೆ ಅವರು ಎಷ್ಟೋ ಸಲ ಹೋಗಿದ್ದರಂತೆ, ಈ ಸಂಗತಿ ಮಾತ್ರ ಕಿವಿಗೆ ಬಿದ್ದಿರಲಿಲ್ಲ. ರಾಮನ್ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡು, ತಾವೂ ನಿಧಾನವಾಗಿ ಹೇಳಿ, ಅಂಗೈಯಷ್ಟಗಲದ ಪಂದ್ಯದ ಪುಸ್ತಕದ ಅಂಚಿನಲ್ಲಿ ಬರೆದುಕೊಂಡರು. ನನ್ನ ಸೊಸೆಗೂ ಅದು ಹೊಸ ಸುದ್ದಿ. "ಅತ್ತೆ, ಇದು ನಮಗೆ ಶಾಲೆಯಲ್ಲಿ ಯಾಕೆ ಹೇಳಲಿಲ್ಲ?" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮೂರಕ್ಕೆ ಸರಿಯಾಗಿ ಸೀಟಿ ಮೊಳಗಿತು. ಎದುರಾಳಿ ಕೆಂಟ್ ಕಡೆಯ ತಂಡ. ನಾವು ಗೋಲಿನ ಹಿಂದಿನ ಕಾಂಕ್ರೀಟ್ ಮೆಟ್ಟಿಲುಗಳ ಮೇಲೆ ನಿಂತಿದ್ದೆವು. 1989ರಲ್ಲಿ ಹಿಲ್ಸ್‌ಬರೊ ಮೈದಾನದ ನೂಕುನುಗ್ಗಲು 97 ಜನರ ಜೀವ ತೆಗೆದ ಮೇಲೆ ದೊಡ್ಡ ಕ್ಲಬ್‌ಗಳು ನಿಲ್ಲುವ ಮೆಟ್ಟಿಲುಗಳನ್ನೆಲ್ಲ ಕಿತ್ತು ಕುರ್ಚಿ ಹಾಕಬೇಕಾಯಿತು. ಕೆಲವು ವರ್ಷಗಳಿಂದ ಅಲ್ಲಿ ಸುರಕ್ಷಿತ ಕಟಕಟೆಗಳೊಂದಿಗೆ ನಿಲ್ಲುವ ಜಾಗ ಮತ್ತೆ ಬಂದಿದೆ. ಸಣ್ಣ ಮೈದಾನಗಳಲ್ಲಿ ಮೆಟ್ಟಿಲು ಹೋಗಲೇ ಇಲ್ಲ. ಇಲ್ಲಿ ಬಿಯರ್ ಲೋಟ ಹಿಡಿದು ಆಟ ನೋಡಬಹುದು. ದೊಡ್ಡ ಮೈದಾನಗಳಲ್ಲಿ ಆಟ ಕಾಣುವ ಜಾಗದಲ್ಲಿ ಮದ್ಯ ಕೂಡದೆಂದು 1985ರ ಕಾಯ್ದೆ ತಡೆಯುತ್ತದೆ. ಲೋಟ ಹಿಡಿದವರು ಎಷ್ಟೋ ಜನ ಇದ್ದರು, ಒಬ್ಬರೂ ಅಳತೆ ಮೀರಲಿಲ್ಲ. ಎರಡೂ ತಂಡದ ಬೆಂಬಲಿಗರನ್ನು ಬೇರ್ಪಡಿಸುವ ಬೇಲಿಯಿಲ್ಲ, ಪೊಲೀಸರ ಸಾಲಿಲ್ಲ. ಕೆಂಟ್‌ನಿಂದ ಬಂದವರಲ್ಲಿ ಕೆಲವರು ನಮ್ಮ ಪಕ್ಕದಲ್ಲೇ ನಿಂತು ತಮ್ಮವರಿಗೆ ಕೂಗಿದರು.

ಟಿವಿಯಲ್ಲಿ ಎಂದೂ ಕೇಳದ ಸದ್ದುಗಳು ಅಲ್ಲಿ ಕೇಳಿದವು. ಕಾಲಿಗೆ ಚೆಂಡು ತಗುಲುವ ಧಪ್ ಎಂಬ ಸದ್ದು, ಇಬ್ಬರು ಮೈಗೆ ಮೈ ಗುದ್ದಿದಾಗ ಹೊರಡುವ ಉಸಿರು, ಗೋಲ್‌ಕೀಪರ್ ತನ್ನ ಮುಂದಿನವರನ್ನು ಎಡಕ್ಕೆ ಬಲಕ್ಕೆ ಸರಿಸುತ್ತ ತೊಂಬತ್ತು ನಿಮಿಷವೂ ನಿಲ್ಲಿಸದ ಕೂಗು. ಗೋಲ್‌ಕೀಪರನ ಕೆಲಸದಲ್ಲಿ ಚೆಂಡು ಹಿಡಿಯುವುದಕ್ಕಿಂತ ಮಾತಾಡುವುದೇ ಹೆಚ್ಚು ಎಂದು ಅಪ್ಪ ಹೇಳುತ್ತಿದ್ದರು. ಅದು ನಿಜವೆಂದು ಇಷ್ಟು ಹತ್ತಿರ ನಿಂತರೆ ಗೊತ್ತಾಗುತ್ತದೆ. ರಕ್ಷಣೆಯಲ್ಲಿದ್ದ ಒಬ್ಬ ಹುಡುಗ ವಾರದ ದಿನಗಳಲ್ಲಿ ಶಾಲೆಯಲ್ಲಿ ಪಾಠ ಮಾಡುತ್ತಾನಂತೆ. ಅವನು ಚೆಂಡಿಗೆ ಅಡ್ಡಬಿದ್ದು ಗೋಲು ತಪ್ಪಿಸಿದಾಗ ಮೆಟ್ಟಿಲ ಮೇಲಿದ್ದ ಮಕ್ಕಳ ಗುಂಪೊಂದು ಅವನನ್ನು "ಸರ್" ಎಂದು ಕೂಗಿ ಚಪ್ಪಾಳೆ ತಟ್ಟಿತು. ಅವನು ಮಣ್ಣು ಒರೆಸಿಕೊಳ್ಳುತ್ತ ಅವರತ್ತ ಕೈಯೆತ್ತಿದ.

ಅರ್ಧ ಸಮಯದಲ್ಲಿ ಇನ್ನೊಂದು ಸೊಗಸು ನೋಡಿದೆ. ತಂಡಗಳು ಬದಿ ಬದಲಾಯಿಸುವುದರಿಂದ, ನೋಡುವವರೂ ತಮ್ಮ ತಂಡ ಗೋಲು ಹೊಡೆಯಬೇಕಾದ ತುದಿಗೆ ಗುಂಪಾಗಿ ನಡೆದರು. ಡಲ್ವಿಚ್‌ನವರು ಈ ತುದಿಯಿಂದ ಆ ತುದಿಗೆ, ಕೆಂಟ್‌ನವರು ಆ ತುದಿಯಿಂದ ಈ ತುದಿಗೆ. ನಡುವೆ ಎದುರಾದಾಗ ನಮಸ್ಕಾರ, ಕುಶಲ, ಮೊದಲರ್ಧದ ವಿಮರ್ಶೆ ಎಲ್ಲವೂ ನಡೆದವು. ಟೀ ಕೊಳ್ಳಲು ಸಾಲಿನಲ್ಲಿ ನಿಂತೆವು. ಟೀ ಕೊಡುತ್ತಿದ್ದವರು, ಬಾಗಿಲಲ್ಲಿ ಟಿಕೆಟ್ ಹರಿದವರು, ಲಾಟರಿ ಚೀಟಿ ಮಾರುತ್ತಿದ್ದವರು, ಇವರಲ್ಲಿ ಬಹಳ ಮಂದಿ ಸಂಬಳವಿಲ್ಲದೆ ದುಡಿಯುವವರು. ಟೀ ಕೊಟ್ಟ ಹೆಂಗಸು ಬೆಳಿಗ್ಗೆಯೇ ಬಂದು ಮೆಟ್ಟಿಲು ಗುಡಿಸಿದ್ದಾಗಿ ಹೇಳಿದಳು. ಕ್ಲಬ್ಬಿನ ಹೆಣ್ಣುಮಕ್ಕಳ ತಂಡವೂ 2019ರಿಂದ ಇದೇ ಮೈದಾನದಲ್ಲಿ ಆಡುತ್ತದೆ. ಅವಳ ಮಗಳು ಆ ಆಟ ತಪ್ಪಿಸುವುದಿಲ್ಲವಂತೆ. ನನ್ನನ್ನು ಮೈದಾನಕ್ಕೆ ಕರೆದೊಯ್ದ ಅಪ್ಪನನ್ನು ಆ ಗಳಿಗೆಯಲ್ಲಿ ಮನಸಾರೆ ನೆನೆದೆ.

ಇಷ್ಟು ಪ್ರೀತಿಯ ಈ ಜಾಗವೂ ಒಮ್ಮೆ ಕೈಬಿಟ್ಟು ಹೋಗಿತ್ತು. 2018ರ ಮಾರ್ಚ್‌ನಲ್ಲಿ, ಮೈದಾನದ ಜಮೀನು ಹೊಂದಿದ್ದ ಕಂಪನಿಯೊಂದು ಅಲ್ಲಿ ಮನೆಗಳನ್ನು ಕಟ್ಟುವ ಯೋಜನೆಗೆ ಸಂಬಂಧಿಸಿದ ಜಗಳದಲ್ಲಿ ಕ್ಲಬ್ಬನ್ನು ಹೊರಹಾಕಿತು. ಕ್ಲಬ್ಬಿನ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಸಿ, ಅದನ್ನು ಬಳಸಬಾರದೆಂದು ಹೇಳುವವರೆಗೂ ವಿಷಯ ಹೋಯಿತು. ಆಟಗಾರರು ಕೆಲವು ಮೈಲಿ ದೂರದ ಟೂಟಿಂಗ್ ಆಂಡ್ ಮಿಚಮ್ ಕ್ಲಬ್ಬಿನ ಮೈದಾನದಲ್ಲಿ ಆಶ್ರಯ ಪಡೆದರು. ಬೆಂಬಲಿಗರು ಬೀದಿಗಿಳಿದು ಮೆರವಣಿಗೆ ಮಾಡಿದರು. ಸ್ಥಳೀಯ ಸಂಸದೆ ಮತ್ತು ಲಂಡನ್ ಮೇಯರ್ ಅವರ ಪರ ನಿಂತರು. ಹೀಗೆ ಮನೆಯಿಲ್ಲದ ಆ ಸೀಸನ್ನಿನಲ್ಲೇ ತಂಡ ಪ್ಲೇಆಫ್ ಗೆದ್ದು ಆರನೇ ಮೆಟ್ಟಿಲಿಗೆ ಏರಿತು. ಡಿಸೆಂಬರ್‌ನಲ್ಲಿ ಚಾಂಪಿಯನ್ ಹಿಲ್ ಮತ್ತೆ ತೆರೆಯಿತು. 2023ರಲ್ಲಿ ತಂಡ ಮತ್ತೆ ಏಳಕ್ಕೆ ಇಳಿಯಿತು. ಇಳಿದರೂ ಜನ ಕಡಿಮೆಯಾಗಿರಲಿಲ್ಲ ಎಂಬುದಕ್ಕೆ ನಾನು ನಿಂತಿದ್ದ ಮೆಟ್ಟಿಲೇ ಸಾಕ್ಷಿ.

ಲೀಗ್‌ಗಳ ಈ ಮೆಟ್ಟಿಲು ವ್ಯವಸ್ಥೆಯಲ್ಲೇ ಒಂದು ದೊಡ್ಡ ನ್ಯಾಯವಿದೆ. ಗೆದ್ದವರು ಏರುತ್ತಾರೆ, ಸೋತವರು ಇಳಿಯುತ್ತಾರೆ. 1977ರವರೆಗೂ ನಾನ್-ಲೀಗ್‌ನಲ್ಲಿದ್ದ ವಿಂಬಲ್ಡನ್ 1988ರಲ್ಲಿ ಎಫ್ಎ ಕಪ್ಪನ್ನೇ ಗೆದ್ದಿತು. 2009ರಲ್ಲಿ ನಾನ್-ಲೀಗ್‌ಗೆ ಬಿದ್ದ ಲೂಟನ್ ಟೌನ್ 2023ರಲ್ಲಿ ಪ್ರೀಮಿಯರ್ ಲೀಗ್ ಮುಟ್ಟಿತು. ಎಲ್ಲರಿಗೂ ಅದು ಆಗುವುದಿಲ್ಲ, ಬಹುತೇಕ ಕ್ಲಬ್‌ಗಳು ತಮ್ಮ ಊರಿನ ಹೊರಗೆ ಹೆಸರಾಗುವುದೂ ಇಲ್ಲ. ಆದರೆ ಬಾಗಿಲು ಮುಚ್ಚಿಲ್ಲ ಎಂಬ ನಂಬಿಕೆಯಲ್ಲಿ ಆ ಮೇಷ್ಟ್ರು ಹುಡುಗ ಕೆಸರಿಗೆ ಬೀಳುತ್ತಾನೆ.

ಕೊನೆಯ ಹತ್ತು ನಿಮಿಷದಲ್ಲಿ ಡಲ್ವಿಚ್ ಒಂದು ಗೋಲು ಹಿಂದಿತ್ತು. ಕಾರ್ನರ್ ಕಿಕ್‌ಗೆ ಜಿಗಿದ ತಲೆಯೊಂದು ಚೆಂಡನ್ನು ಬಲೆಗೆ ತಳ್ಳಿದಾಗ ನಮ್ಮ ತುದಿಯ ಜನರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಟೋಪಿಯ ಹಿರಿಯರು ನನ್ನ ಎರಡೂ ಕೈ ಹಿಡಿದು ಕುಲುಕಿದರು. ನನ್ನ ಸೊಸೆ ಗುರುತೇ ಇಲ್ಲದ ಹುಡುಗಿಯರ ಜೊತೆ ಕುಣಿಯುತ್ತಿದ್ದಳು. ಕೇಂಬ್ರಿಜ್‌ಗೆ ಬಂದಾಗಿನಿಂದ ಯಾರೂ ಹೀಗೆ ತನ್ನನ್ನು ಹೆಸರು ಕೇಳದೆಯೇ ಒಳಗೆ ಸೇರಿಸಿಕೊಂಡಿರಲಿಲ್ಲ ಎಂದು ರೈಲಿನಲ್ಲಿ ಹೇಳಿದಳು. ಪಂದ್ಯ 1–1ರಲ್ಲಿ ಮುಗಿಯಿತು. ಆಟಗಾರರು ಮೈದಾನದ ಸುತ್ತ ಬಂದು ಬೇಲಿಯಾಚೆ ಚಾಚಿದ ಕೈಗಳನ್ನೆಲ್ಲ ಮುಟ್ಟಿ ಹೋದರು.

ಮರಳುವಾಗ ನನ್ನ ತಲೆಯಲ್ಲಿ ಬೆಂಗಳೂರೇ ತುಂಬಿತ್ತು. ಮೈಸೂರು ರಾಜ್ಯದ ತಂಡ 1967–68 ಮತ್ತು 1968–69ರಲ್ಲಿ ಸತತ ಎರಡು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು. ಬೆಂಗಳೂರು ಮುಸ್ಲಿಮ್ಸ್ 1937ರಲ್ಲಿ ರೋವರ್ಸ್ ಕಪ್ ಗೆದ್ದಾಗ, ಬ್ರಿಟಿಷ್ ಪಡೆಗಳ ತಂಡಗಳೇ ಗೆಲ್ಲುತ್ತಿದ್ದ ಆ ಕಪ್ಪನ್ನು ಎತ್ತಿದ ಮೊದಲ ಭಾರತೀಯ ತಂಡವಾಯಿತು. ಆಸ್ಟಿನ್ ಟೌನ್, ಗೌತಮಪುರದ ಓಣಿಗಳಲ್ಲಿ ಚೆಂಡು ಇವತ್ತಿಗೂ ಉರುಳುತ್ತದೆ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ನಮ್ಮಲ್ಲೂ ಮೆಟ್ಟಿಲುಗಳಿವೆ: ಸೂಪರ್ ಡಿವಿಷನ್, ಅದರ ಕೆಳಗೆ ಎ, ಬಿ, ಸಿ ಡಿವಿಷನ್‌ಗಳು. ಹೆಣ್ಣುಮಕ್ಕಳ ಲೀಗ್ ಕೂಡ ಇದೆ. ಆಟವಿದೆ, ಆಟಗಾರರಿದ್ದಾರೆ, ಚರಿತ್ರೆಯಿದೆ. ಕಡಿಮೆಯಾಗಿರುವುದು ನೋಡುವವರು. ಇಂಗ್ಲೆಂಡಿನ ಕ್ಲಬ್‌ಗಳ ಅಂಗಿ ತೊಟ್ಟು ರಾತ್ರಿಯೆಲ್ಲ ಟಿವಿ ಮುಂದೆ ಕೂರುವ ನಮ್ಮ ಹುಡುಗರಿಗೆ ಆಟದ ಮೇಲಿನ ಪ್ರೀತಿ ಕಮ್ಮಿಯೇನಿಲ್ಲ. ಆ ಪ್ರೀತಿಯ ಒಂದು ಪಾಲು ತಮ್ಮ ಊರಿಗೂ ಸಲ್ಲಬೇಕು ಎಂದು ಅವರಿಗೆ ಹೇಳುವವರಿಲ್ಲ.

ಅದಕ್ಕೇ ನಾನು ಹೇಳುತ್ತಿದ್ದೇನೆ. ಲಂಡನ್ನಿಗೆ ಹೋಗುವವರು ಒಂದು ಶನಿವಾರ ಬಿಡುವು ಮಾಡಿಕೊಂಡು ಹತ್ತಿರದ ಸಣ್ಣ ಕ್ಲಬ್ಬಿನ ಆಟ ನೋಡಿ ಬನ್ನಿ. ಊರಲ್ಲೇ ಇರುವವರು ಮುಂದಿನ ಲೀಗ್ ಪಂದ್ಯ ಯಾವತ್ತೆಂದು ವಿಚಾರಿಸಿ ಅಶೋಕನಗರದ ಸ್ಟೇಡಿಯಂಗೆ ಹೋಗಿ. ಮಂಗಳೂರು, ಕೊಡಗು, ಕೆಜಿಎಫ್, ಬೆಳಗಾವಿ, ಎಲ್ಲಿದ್ದರೂ ಸರಿ, ನಿಮ್ಮ ಬೀದಿಯ ಹುಡುಗ ಹುಡುಗಿಯರು ಆಡುವ ಮೈದಾನ ಒಂದಿದ್ದೇ ಇರುತ್ತದೆ. ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ.